ಇಲ್ಲದ ಊರಿನ ಮನೆಪಟ್ಟಿ

ಇಲ್ಲದ ಊರಿಗೆ ದಾರಿ ತೋರಿಸುವವರನ್ನು ನೀವು ಕಂಡಿರಬಹುದು. ನಮ್ಮ ಸೋದರಮಾವ ಇಲ್ಲದ ಊರನ್ನೇ ಕಟ್ಟಿ, ಅದಕ್ಕೆ ಜನರನ್ನೂ ತುಂಬಿದವರು!

ಮಾವ ಕೊಟ್ಟಿಗೆಹಾರದ ಕಡೆಯ ನಿವೃತ್ತ ಮೇಷ್ಟ್ರು. ಆರೋಗ್ಯ ಸಮೀಕ್ಷೆಯವರಿಗಾಗಿ ಕಾಫಿ ಎಸ್ಟೇಟಿನ ಕೂಲಿ ಲೈನುಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಮನೆಮನೆಗೆ ಹೋಗಿ, "ಯಾರಿಗೂ ಹೇಳಲ್ಲ" ಎಂದು ಮಾತು ಕೊಟ್ಟು, ಕಾಯಿಲೆಗಳನ್ನು ಬರೆದುಕೊಂಡು ಬಂದರು. ಆದರೆ ಆ ಪಟ್ಟಿ ಅಚ್ಚಾಗಿ ಎಲ್ಲರ ಕೈಗೂ ಸಿಗುವುದಿತ್ತು.

"ಹೆಸರು ಅಳಿಸಿದರೆ ಆಯ್ತಲ್ಲ ಮಾವ?" ಎಂದೆ.

"ಎರಡು ಆಡು, ಮೂರು ಹೆಣ್ಮಕ್ಳು, ಟಿ.ಬಿ. ಅಂತಿದ್ರೆ ಕೂಲಿಗೆ ಕರೆಯೋ ಮೇಸ್ತ್ರಿಗೆ ಯಾರ ಮನೆ ಅಂತ ಗೊತ್ತಾಗಲ್ವೇನೆ? ನಾಳೆಯಿಂದ ಆ ಮನೆಯವ್ಳಿಗೆ ಕೆಲ್ಸ ಯಾರು ಕೊಡ್ತಾರೆ?"

ಸಮೀಕ್ಷೆಯವರ ಉಪಾಯ ಇಷ್ಟು: ನಿಜವಾದ ಪಟ್ಟಿಗೆ ಬೀಗ, ಹೊರಗೆ ಬರುವುದು ಕಲ್ಪಿತ ಜನರ ಪಟ್ಟಿ. ಕಾಯಿಲೆಯವರು ಎಷ್ಟು ಮಂದಿಯೋ ಅಷ್ಟೇ ಮಂದಿ, ಆದರೆ ಅವರಲ್ಲಿ ಯಾರೂ ಇದ್ದವರಲ್ಲ! ಕಂಪ್ಯೂಟರ್ ಅಂಥ ಜನರನ್ನು ಹುಟ್ಟಿಸಿಕೊಟ್ಟಿತು. ಹನ್ನೆರಡು ವರ್ಷದವಳಿಗೊಬ್ಬ ಮೊಮ್ಮಗ! ಮಾವ ತಲೆ ಚಚ್ಚಿಕೊಂಡು ತಾವೇ ಬರೆಯಲು ಕುಳಿತರು. ಜಗಲಿಯ ಮುಂದೆ ಮಂಜು ತುಂಬಿ ಕಾಫಿ ಗಿಡಗಳೆಲ್ಲ ಮಾಯವಾಗುತ್ತಿದ್ದವು. ಮಾವ ಅದನ್ನೇ ನೋಡುತ್ತ, ಅದರೊಳಗಿಂದ ಒಬ್ಬೊಬ್ಬರನ್ನೇ ಕರೆದು ಬರೆದುಕೊಳ್ಳುತ್ತಿದ್ದರು.

ಊಟಕ್ಕೆ ಕುಳಿತರೂ ಅದೇ ಚಿಂತೆ. "ಏಳನೇ ಮನೆ ಅಜ್ಜಿಗೆ ಮಂಡಿನೋವು ಹಾಕ್ಬಿಟ್ಟೆ. ಪಾಪ, ಗುಡ್ಡ ಹೇಗೆ ಹತ್ತುತ್ತೋ!"

ಅತ್ತೆ ಸಾರಿನ ಸೌಟು ಕುಕ್ಕಿದರು. "ನನ್ನ ಮಂಡಿ ನೋಯ್ತಾ ತಿಂಗಳಾಯ್ತು. ನನ್ನನ್ನೂ ಆ ಪಟ್ಟೀಲಿ ಬರ್ಕೊಳಿ, ಆಗ್ಲಾದ್ರೂ ವಿಚಾರಿಸ್ತೀರ!"

ಪಟ್ಟಿ ಹೊರಬಂತು. ಟಿ.ಬಿ.ಯವರನ್ನು ಕೆಲಸದಿಂದ ಬಿಡಿಸಲು ಮೇಸ್ತ್ರಿ ಅದನ್ನು ಹಿಡಿದು ಮೂರು ದಿನ ಲೈನುಗಳಲ್ಲಿ ತಿರುಗಿದ. ಸುಸ್ತಾಗಿ ನಮ್ಮ ಜಗಲಿಗೆ ಬಂದು ಕುಳಿತ.

"ಇಂಥೋರು ಯಾರೂ ಇಲ್ಲ ಮೇಷ್ಟ್ರೇ!"

"ಕಲ್ಪಿತ ಅಂತ ಮೇಲೇ ದಪ್ಪಕ್ಷರದಲ್ಲಿ ಬರ್ದಿದೆಯಲ್ಲ ಮಾರಾಯ!"

ನಿಜವಾದವರು ಯಾರೆಂದು ನನಗಾದರೂ ಹೇಳಬಾರದೇ? ಎಷ್ಟು ಪೀಡಿಸಿದರೂ ಮಾವ ಬಾಯಿ ಬಿಡಲಿಲ್ಲ. ನನಗೆ ಸಿಟ್ಟೇ ಬಂದಿತ್ತು.

ಒಂದು ಬೆಳಿಗ್ಗೆ ಮಂಜಿನಲ್ಲಿ ಒಬ್ಬ ಹೆಂಗಸು ಬಂದಳು. ಹಲಸಿನ ಹಪ್ಪಳದ ಕಟ್ಟನ್ನು ಜಗಲಿಯ ಮೇಲಿಟ್ಟು, ದೂರ ಸರಿದು ನಿಂತಳು.

"ಅಯ್ಯಾ, ನಿಮ್ಮ ಪಟ್ಟೀಲಿ ಟಿ.ಬಿ. ಇರೋ ಹೆಂಗ್ಸು ಒಬ್ಳು ಇದಾಳಂತಲ್ಲ... ಅವ್ಳಿಗೆ ವಾಸಿ ಆಗುತ್ತಾ?"

ಮಾವ ಕನ್ನಡಕ ತೆಗೆದರು. "ಆಗೇ ಆಗುತ್ತೆ ತಾಯಿ. ಅವ್ಳು ಒಂದು ದಿನಾನೂ ಮಾತ್ರೆ ಬಿಡೋದಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮಂಜಿನೊಳಗೆ ಹೋದಳು. ಆಮೇಲೆ ಮಾವನನ್ನು ನಾನು ಏನೂ ಕೇಳಲಿಲ್ಲ.

ಅಂದಹಾಗೆ, ಮಾವನ ಹಾಗೆ ನಾನೂ ಗುರುತು ಮರೆಸಿದ್ದೇನೆ: ತಂದದ್ದು ಹಲಸಿನ ಹಪ್ಪಳವಲ್ಲ. ಬಂದದ್ದು ಹೆಂಗಸೇ ಎಂದೂ ನಂಬಬೇಡಿ. ಹುಡುಕಲು ಹೋಗಬೇಡಿ. ವಾಸಿಯಾಗಿದೆ, ಅದೊಂದು ನಿಜ.