ಶುಂಠಿ ಮಾತಾಡ್ಸಾಕ ಬಂದೋರು

ಕಾಲೇಜು ಬಿಟ್ಟು ಹರಪನಹಳ್ಳಿಯ ಗೊಬ್ಬರದಂಗಡ್ಯಾಗ ಕುಂತ ಮ್ಯಾಲೆ ನನಗ ಸಿನಿಮಾದ ಖರ್ಚು ಉಳೀತು. ದಿನಾ ಒಬ್ರಿಲ್ಲ ಒಬ್ರು ಬಂದು ನಗಿಸೇ ಹೋಗ್ತಿದ್ರು. ಆ ಮಳಿಗಾಲ ಪಾಳಿ ನಮ್ಮ ದೊಡ್ಡವ್ವಂದು.

೧. ಮೂರು ಸೀಟು

ಚಿಗಟೇರಿಯಿಂದ ದೊಡ್ಡವ್ವ ಟಿಫಿನ್ ಡಬ್ಬಿ ಹಿಡ್ಕೊಂಡು ಬಂದ್ಲು. ಊಟ ತಂದಾಳ ಅಂತ ಮುಚ್ಚಳ ತೆಗೆದೆ. ಕೊಳೆತ ಶುಂಠಿ ಗಡ್ಡಿ! ನಮ್ಮ ಸಾಹುಕಾರ ಮೂಗು ಹಿಡ್ಕೊಂಡು ರಸ್ತೆಗೆ ಓಡಿದ.

"ನೀರು ನಿಂತು ಬೂಷ್ಟು ಹತ್ತೈತಿ ದೊಡ್ಡವ್ವ. ಗಡ್ಡಿ ಕೊಳೆರೋಗ."

"ಒಂದು ಮಡಿ ಹೋತು, ಉಳಿದವು ಉಳಿಸ್ಕೊಡು. ನಿಮ್ಮ ದೊಡ್ಡಪ್ಪ ಮೆಕ್ಕೆಜ್ವಾಳ ಅಂದ್ರೂ ನಾನ ಹಠ ಹಿಡಿದು ಶುಂಠಿ ಹಾಕ್ಸೀನಿ. ಹೋದ್ರ ಸಾಯೋತನ ಆಡ್ಕಂತಾನ."

"ಉಳಿಸ್ತೀನಿ ಬಿಡು. ಮದ್ಲ ಆ ಡಬ್ಬಿ ಚೆಲ್ಲು."

"ಹುಚ್ಚನೇನಲೇ? ಬರೋವಾಗ ಬಸ್ಸಿನಾಗ ಮೂರು ಸೀಟಿಗೆ ನಾನೊಬ್ಬಾಕಿನ ಕುಂತಿದ್ದೆ. ಹೋಗೋವಾಗ ಬ್ಯಾಡೇನು?"

೨. ನೆಳ್ಳಿನ ಭಾಗ್ಯ

ಮರುದಿನ ಹೊಲಕ್ಕ ಹೋಗಿ, ಕೊಳೆತ ಗಿಡ ಕೀಳಿಸಿ ಸುಡಿಸಿ, ಬುಡಕ್ಕ ಔಷಧಿ ನೀರು ಹಾಕಿಸ್ದೆ. ಚಲೋ ಮಡಿಗಳಿಗೆ ಅಂತ ಟ್ರೈಕೋಡರ್ಮಾ ಪುಡಿ ಕೊಟ್ಟೆ.

"ಇದು ಒಳ್ಳೆ ಬೂಷ್ಟು, ಕೆಟ್ಟ ಬೂಷ್ಟನ್ನ ತಿಂತೈತಿ. ಜೀವ ಐತಿ ಇದಕ್ಕ. ಸಗಣಿ ಗೊಬ್ಬರದಾಗ ಕಲಸಿ ನೆಳ್ಳಾಗಿಡು, ಒಣಗಾಕ ಬಿಡಬ್ಯಾಡ."

ವಾರ ಬಿಟ್ಟು ಹೋದ್ರ ಬೇವಿನ ನೆಳ್ಳಾಗ ಗೊಬ್ಬರದ ಗುಡ್ಡಿ, ಮ್ಯಾಲೆ ಹಸಿ ಗೋಣಿಚೀಲ. ದೊಡ್ಡಪ್ಪ ಮಲಗೋ ಹೊರಸು ಬಿಸಿಲಾಗ!

"ಲೇ, ಅದಕ್ಕ ದಿನಾ ಎದ್ದು ನೀರು ಕುಡಿಸ್ತಾಳ" ಅಂದ ದೊಡ್ಡಪ್ಪ. "ನಾ ಚಾ ಕೇಳಿದ್ರ ಕಾಸ್ಕ ಹೋಗು ಅಂತಾಳ. ನಾನೂ ಬೂಷ್ಟಾಗಿ ಹುಟ್ಟಬೇಕಿತ್ತು."

೩. ಕಾಳಜಿ ಇದ್ದೋರು

ನಮ್ಮ ಕಡಿ ಯಾರಿಗಾರ ಹುಷಾರಿಲ್ಲ ಅಂದ್ರ ಹೋಗಿ ಮಾತಾಡ್ಸಿ ಬರಬೇಕು. ಶುಂಠಿಗೆ ರೋಗ ಅಂದದ್ದ ತಡ, ಊರಿಗೂರೇ ಹೊಲಕ್ಕ ಬಂತು. ಕೊಳೆತ ಮಡಿ ತುಳೀತಾರ, ಅದ ಕೆಸರುಗಾಲಾಗ ಚಲೋ ಮಡಿಗೆ ಹೋಗ್ತಾರ, ಒಂದು ಗಿಡ ಕಿತ್ತು ಮೂಸಿ "ಪಾಪ" ಅಂತಾರ. ಪಕ್ಕದ ಹೊಲದ ಯಜಮಾನ್ರಂತೂ ಮುಂಜಾನಿಗೊಂದು, ಸಂಜಿಗೊಂದು ಪಾಪ.

"ದೊಡ್ಡವ್ವ, ಇವ್ರ ಕಾಲಿನ ಕೆಸರಾಗ ರೋಗ ಹಬ್ಬತೈತಿ. ಬರಬ್ಯಾಡ್ರಿ ಅನ್ನು."

"ಮಾತಾಡ್ಸಾಕ ಬಂದೋರಿಗೆ ಹಂಗ ಅನ್ನಾಕಾಗ್ತೈತೇನಲೇ? ಅದಿರ್ಲಿ, ನೀರು ಬಸಿಯಾಕ ಸುತ್ತ ಕಾಲುವಿ ತೋಡ್ಬೇಕು ಅಂದಿದ್ದೆಲ್ಲ, ಎಷ್ಟು ಆಳ?"

"ಮೊಣಕಾಲು ಮಟ."

ಮರುದಿನ ದೊಡ್ಡವ್ವ ಬದುವಿನ ಮ್ಯಾಲೆ ಸಲಿಕಿ ಹಿಡ್ಕೊಂಡು ನಿಂತ್ಲು. "ಬರ್ರಿ ಬರ್ರಿ, ಎಷ್ಟು ಕಾಳಜಿ ನಿಮಗ! ಒಳಗ ಬ್ಯಾಡ್ರಿ, ಇಲ್ಲೇ ಹೊರಗ ಒಂದು ಮಾರು ಕಾಲುವಿ ತೋಡಿ ಹೋಗ್ರಿ."

ನಾಚಿಕಿಗೆ ಎಲ್ರೂ ತೋಡಿದ್ರು. ಯಜಮಾನ್ರು ಸಂಜಿಗೂ ಬಂದ್ರು, ಅವರದು ಎರಡು ಮಾರು. ಕಾಲುವಿ ಮುಗೀತು, ಮಂದಿ ಬರೋದೂ ನಿಂತಿತು. ಉಳಿದ ಮಡಿ ಎಲ್ಲಾ ಹಚ್ಚಗ ಉಳಿದ್ವು.

ಈಗ ಗೆದ್ದಾಕಿ ದೊಡ್ಡವ್ವ. ದೊಡ್ಡಪ್ಪ ಏನಂತಾನೋ ನೋಡಾಣು ಅಂತ ಕೇಳಿದೆ, "ಮುಂದಿನ ವರ್ಷ ಮೆಕ್ಕೆಜ್ವಾಳನ ಏನು?"

"ಥೂ, ಶುಂಠೀನ ಹಾಕಾಣು" ಅಂದ. ಆಮ್ಯಾಲೆ ಕಿವಿಗೆ ಬಾಯಿ ತಂದು, "ಒಂಚೂರು ರೋಗ ಬರೋ ಹಂಗ ಮಾಡಾಕ ಬರ್ತೈತೇನಲೇ? ಬಾವಿ ಒಂದು ತೋಡಿಸೋದೈತಿ."