ನೆಟ್ಟಗೆ ಹೋದ ಚೆಂಡು

ಸುಮ್ಮನೆ ಕೂತವನ ಮೇಲೆ ಮಾಡಿನಿಂದ ಹಲ್ಲಿ ಬೀಳುತ್ತದಲ್ಲ, ನನ್ನ ನೌಕರಿ ಪೂರಾ ಹಾಗೆಯೇ ಕಳೆಯಿತು. ಹಲ್ಲಿಯಾದರೆ ಪಂಚಾಂಗದಲ್ಲಿ ಫಲ ನೋಡಬಹುದು. ಗಾಲ್ಫ್ ಚೆಂಡು ಬಿದ್ದರೆ ಏನು ಫಲ ಅಂತ ಯಾವ ಪಂಚಾಂಗದವರೂ ಬರೆದಿಲ್ಲ.

೧. ರಜೆಯ ಷರತ್ತು

ಐವತ್ತರ ದಶಕದ ಕೊನೆ. ಬಂಟ್ವಾಳದಲ್ಲಿ ನೇತ್ರಾವತಿಯ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಹೊಸದಾಗಿ ಬಂದ ಮ್ಯಾನೇಜರು ನಮ್ಮ ಕಡೆಯವರೇ, ಆದರೆ ನೀಲಗಿರಿಯ ಚಹಾ ತೋಟದಲ್ಲಿದ್ದು ಗಾಲ್ಫಿನ ಹುಚ್ಚು ಹಿಡಿಸಿಕೊಂಡು ಬಂದವರು. ಅದಕ್ಕೇ ನಾವು ಸಾಹೇಬರು ಅನ್ನುತ್ತಿದ್ದೆವು. ಕುರ್ಚಿಯಲ್ಲಿ ಕೂತರೆ ಇರುವೆ ಕಚ್ಚಿದ ಹಾಗೆ ಏಳುವ ಜನ. ಸುಗ್ಗಿ ಕೊಯ್ಲು ಮುಗಿದ ಗದ್ದೆಯಲ್ಲಿ ಬಿದಿರಿಗೊಂದು ಕೆಂಪು ಬಾವುಟ ಕಟ್ಟಿ ನಿಲ್ಲಿಸಿ, ಸಂಜೆಯಾಗುವ ಮೊದಲೇ ಕೋಲು ಹಿಡಿದು ಹೊರಡುವರು. ಆಡುವುದು ಪುಸ್ತಕ ನೋಡಿ; ಎರಡೂ ಕೈಯಲ್ಲಿ ಕೋಲು. ಹಾಗಾಗಿ ಆ ಇಂಗ್ಲಿಷ್ ಪುಸ್ತಕ ಹಿಡಿದು ಓದಲಿಕ್ಕೆ ನಾನು.

ಹೊಡೆದ ಚೆಂಡು ಬಾವುಟದ ಕಡೆಗೇ ಹೊರಟು, ಅರ್ಧದಲ್ಲಿ ಏನೋ ಮರೆತು ಬಂದವರ ಹಾಗೆ ಬಲಕ್ಕೆ ತಿರುಗುತ್ತಿತ್ತು. ಅದಕ್ಕೆ ಸ್ಲೈಸ್ ಅಂತ ಹೆಸರು. ನಮ್ಮ ಕೆಲಸದವರು ಒಂದೇ ವಾರದಲ್ಲಿ ಪಾಠ ಕಲಿತರು: ಸಾಹೇಬರು ಆಡುವಾಗ ಚೆಂಡು ಬಾರದ ಜಾಗ ಒಂದೇ, ಆ ಕೆಂಪು ಬಾವುಟದ ಬುಡ. ಬೀಡಿ ಸೇದುವವರು, ಎಲೆ ಅಡಿಕೆ ಹಾಕುವವರು ಎಲ್ಲ ಅಲ್ಲಿಯೇ.

ನನಗೆ ಮೂಡುಬಿದಿರೆಯ ಹುಡುಗಿಯೊಬ್ಬಳು ನಿಶ್ಚಯವಾಗಿದ್ದಳು. ಮದುವೆಗೆ ರಜೆ ಕೇಳಿದೆ. ಕಾರ್ಖಾನೆಯ ಧಣಿಗಳು ಒಪ್ಪಿದ್ದರು, ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. "ನನ್ನ ಸ್ಲೈಸ್ ಸರಿಯಾದ ದಿನ ಹೋಗು. ಅಲ್ಲಿವರೆಗೆ ಪುಸ್ತಕ ಓದುವುದು ಯಾರು?" ಎಂದರು ಸಾಹೇಬರು. ಅಂದಿನಿಂದ ನನ್ನ ನಿದ್ದೆ ಹೋಯಿತು. ಲೋಕದಲ್ಲಿ ಎಲ್ಲರ ಮದುವೆ ಗುರುಬಲದಿಂದ ಆಗುತ್ತದೆ, ನನ್ನದು ಗಾಲ್ಫಿನಿಂದ ಆಗಬೇಕಿತ್ತು.

೨. ದೋಣಿಯವನ ಪ್ರಶ್ನೆ

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಸಾಹೇಬರು ಮೊದಲು ಗದ್ದೆಗೆ ಬೈದರು, ಆಮೇಲೆ ಗಾಳಿಗೆ, ಆಮೇಲೆ ನನ್ನ ಇಂಗ್ಲಿಷಿಗೆ. ಕೊನೆಗೆ, ಬಲಕ್ಕೆ ಹೋಗುವ ಚೆಂಡನ್ನು ಎಡಕ್ಕೆ ಹೊಡೆದರೆ ಲೆಕ್ಕ ಸರಿಯಾಗುತ್ತದೆ ಅಂತ ಎಡಬದಿಯ ಹೊಳೆಯ ಕಡೆಗೆ ತಿರುಗಿ ನಿಂತರು. ಹಾಗೆ ನಿಂತಷ್ಟೂ ಕೋಲು ಚೆಂಡನ್ನು ಓರೆಯಾಗಿ ಸವರುತ್ತದೆ, ಚೆಂಡು ಮತ್ತಷ್ಟು ಬಲಕ್ಕೆ ಬಾಗುತ್ತದೆ ಅಂತ ಪುಸ್ತಕದಲ್ಲಿ ಸ್ಪಷ್ಟ ಬರೆದಿತ್ತು. ಗಟ್ಟಿಯಾಗಿ ಓದಿದೆ. ಕೇಳುವವರು ಯಾರು?

ಚೆಂಡು ಗುಂಯ್ ಅಂತ ಹೊಳೆಯ ಮೇಲೆ ಹೋಯಿತು. ದೋಣಿಯವ ನೋಡಿದ, ತನ್ನ ಮಂಡೆಗೇ ಬಂತು ಅಂತ ಹುಟ್ಟು ಬಿಟ್ಟು ನೀರಿಗೆ ಹಾರಿದ. ಚೆಂಡು ಅಲ್ಲಿಂದಲೇ ಬಾಗಿ ವಾಪಸು ಗದ್ದೆಗೆ ಬಂತು. ದೋಣಿಯವನೂ ನೀರಿಳಿಸುತ್ತ ದಡ ಹತ್ತಿ ಬಂದ. ಬೈಗುಳಕ್ಕೆ ನಾನು ತಯಾರಾಗಿದ್ದೆ. ಆತ ಸಾವಧಾನವಾಗಿ ಕೇಳಿದ, "ನಿಮ್ಮ ಚೆಂಡಿಗೆ ಬರ್ಲಿಕ್ಕೆ ಮನಸ್ಸಿಲ್ಲದಿದ್ದರೆ ಹೆದರಿಸುವುದು ಯಾಕೆ ಸ್ವಾಮೀ?"

೩. ಬನದ ಮೊಟ್ಟೆ

ಗದ್ದೆಯ ಬಲಬದಿಗೆ ನೆರೆಮನೆಯ ಅಮ್ಮನವರ ನಾಗಬನ. ಅದರೊಳಗೆ ಬಿದ್ದ ಚೆಂಡು ಹೆಕ್ಕುವ ಧೈರ್ಯ ಯಾರಿಗೂ ಇಲ್ಲ. ಸಾಹೇಬರ ಚೀಲ ಬರಿದಾಗುತ್ತ ಬಂತು, ನನ್ನ ಮುಹೂರ್ತ ಹತ್ತಿರವಾಗುತ್ತ ಬಂತು. ಅಷ್ಟರಲ್ಲಿ ಬನಕ್ಕೆ ಪೂಜೆ ಮಾಡಲು ಬಂದ ಭಟ್ಟರು ನೋಡುತ್ತಾರೆ, ನಾಗನ ಕಲ್ಲಿನ ಬುಡದಲ್ಲಿ ಬೆಳ್ಳಗೆ ಮೊಟ್ಟೆಗಳು! ಅಮ್ಮನವರು ಗಲ್ಲ ಬಡಿದುಕೊಂಡು ಹಾಲು ತರಿಸಿದರು.

ನಾನು ಓಡಿಹೋಗಿ, ಅದು ಸಾಹೇಬರ ಚೆಂಡು, ಬೇಕಾದರೆ ನೋಡಿ ಇಂಗ್ಲಿಷಿನಲ್ಲಿ ಹೆಸರು ಉಂಟು ಎಂದೆ. ಭಟ್ಟರು ಒಂದನ್ನು ತಂದು ತೋರಿಸಿದರು. ಅಮ್ಮನವರು ಕನ್ನಡಕ ಏರಿಸಿ, ತಿರುಗಿಸಿ ಮುರುಗಿಸಿ ನೋಡಿದರು. "ಇರಲಿ, ನಾಗನಿಗೆ ಬಾರದ ಭಾಷೆ ಉಂಟಾ?" ಎಂದು ಹಾಲು ಎರೆದೇಬಿಟ್ಟರು.

೪. ಕಂಕುಳಿನ ಮುಟ್ಟಾಳೆ

ಚೆಂಡು ಮುಗಿಯುವ ಹೊತ್ತಿಗೆ ಸಾಹೇಬರಿಗೆ ಪುಸ್ತಕದ ಮೇಲೆ ಭಕ್ತಿ ಬಂತು. ಕೋಲಿನ ಮೇಲಿನ ಹಿಡಿತ ತುಸು ಬಲಕ್ಕೆ ತಿರುಗಬೇಕು, ಬಲ ಮೊಣಕೈ ಮೈಗೆ ಅಂಟಿರಬೇಕು, ಕೋಲು ಒಳಗಿನಿಂದ ಹೊರಕ್ಕೆ ಬೀಸಬೇಕು. ಉಳಿದದ್ದೆಲ್ಲ ಆಯಿತು, ಮೊಣಕೈ ಮಾತ್ರ ಕೋಳಿ ರೆಕ್ಕೆ ಬಡಿದ ಹಾಗೆ ಹಾರುತ್ತಿತ್ತು. ನನಗೆ ತಾಳ್ಮೆ ತಪ್ಪಿತು. ಕೆಲಸದವರೊಬ್ಬರ ತಲೆಯ ಮೇಲಿದ್ದ ಮುಟ್ಟಾಳೆ, ಅದೇ ಅಡಿಕೆ ಹಾಳೆಯ ಟೊಪ್ಪಿ, ತೆಗೆದು ಮಡಚಿ ಸಾಹೇಬರ ಕಂಕುಳಲ್ಲಿ ಸಿಕ್ಕಿಸಿ, ಇದು ಬೀಳದ ಹಾಗೆ ಬೀಸಿ ಸಾರ್ ಎಂದೆ.

ಅಭ್ಯಾಸವಾಗಲಿ ಅಂತ ಅವರು ಅದನ್ನು ಆಫೀಸಿನಲ್ಲೂ ತೆಗೆಯಲಿಲ್ಲ. ಹಂಚು ಕೊಳ್ಳಲು ಬಂದ ಬೆಳ್ತಂಗಡಿಯ ವ್ಯಾಪಾರಿಗೆ ಎಡಗೈಯಲ್ಲೇ ನಮಸ್ಕಾರ ಮಾಡಿದರು. ಆತ ಮರ್ಯಾದಸ್ಥ, ಏನೂ ಕೇಳಲಿಲ್ಲ. ಮರುದಿನ ಬಸ್ಸಿನಲ್ಲಿ ಒಂದು ಪೊಟ್ಟಣ ಕಳಿಸಿಕೊಟ್ಟ. ಒಳಗೆ ಕಂಕುಳ ಕುರುವಿಗೆ ಅರೆದು ಹಚ್ಚುವ ಬೇರು ಇತ್ತು.

೫. ಕ್ಷೇಮದ ಜಾಗ

ಹುಡುಗಿಯ ಅಪ್ಪ, ಮೂಡುಬಿದಿರೆಯಲ್ಲಿ ಪಾತ್ರೆ ಅಂಗಡಿಯವರು, ಕಾದು ಕಾದು ತಾವೇ ಬಸ್ಸು ಹತ್ತಿ ಬಂದರು. ಕೈಯಲ್ಲಿ ಹೊಸ ಛತ್ರಿ. "ಮುಹೂರ್ತ ಮುಂದಿನ ವಾರ. ರಜೆ ಇಲ್ಲದಿದ್ದರೆ ಬೆಳ್ತಂಗಡಿಯ ಮೇಷ್ಟ್ರೊಬ್ಬರು ಕೇಳ್ತಿದ್ದಾರೆ. ಇವತ್ತೇ ಒಂದು ಮಾತು ಹೇಳಿಬಿಡಿ ಮಾರಾಯ್ರೆ" ಎಂದರು.

ಇವತ್ತಿನ ಆಟ ಮುಗಿಯಲಿ, ಸಾಹೇಬರ ಕಾಲಿಗೆ ಬಿದ್ದಾದರೂ ಕೇಳ್ತೇನೆ ಎಂದೆ. ಮಾವನಾಗುವವರು, ಚೆಂಡು ತಾಗಬಾರದಲ್ಲ! ನಾನೇ ಕುರ್ಚಿ ಹೊತ್ತುಕೊಂಡು ಹೋಗಿ ಬಾವುಟದ ಬುಡದಲ್ಲಿ ಹಾಕಿ ಕೂರಿಸಿದೆ. ಬಿಸಿಲಿಗೆ ಅವರು ಛತ್ರಿ ಬಿಡಿಸಿಕೊಂಡರು.

ಸಾಹೇಬರು ಮುಟ್ಟಾಳೆ ಸಿಕ್ಕಿಸಿಕೊಂಡು ಬೀಸಿದರು. ಚೆಂಡು ಹೊರಟಿತು. ಈಗ ತಿರುಗುತ್ತದೆ, ಈಗ ತಿರುಗುತ್ತದೆ ಅಂತ ನಾನು ನೋಡುತ್ತಲೇ ಇದ್ದೆ. ತಿರುಗಲಿಲ್ಲ. ಕೆಲಸದವರು ಬೀಡಿ ಬಿಸಾಡಿ ಓಡಿದರು. ಚೆಂಡು ಛತ್ರಿ ಹರಿದುಕೊಂಡು ಒಳನುಗ್ಗಿ ಮಾವನವರ ಮಡಿಲಿಗೆ ಬಿತ್ತು.

ನನ್ನ ಮದುವೆಯ ಕಥೆ ಮುಗಿಯಿತು ಅಂತಲೇ ಎಣಿಸಿದೆ. ಸಾಹೇಬರು ಗದ್ದೆಯುದ್ದ ಓಡಿ, ಮಾವನವರನ್ನು ಕುರ್ಚಿ ಸಮೇತ ತಬ್ಬಿಕೊಂಡು, ನೆಟ್ಟಗೆ ಬಂದದ್ದಕ್ಕೆ ನೀವೇ ಸಾಕ್ಷಿ ಎಂದರು. ಅಲ್ಲಿಯೇ ನನಗೆ ಒಂದು ತಿಂಗಳ ರಜೆ ಕೊಟ್ಟರು. ಮಾವನವರು ಛತ್ರಿಯ ತೂತಿನಿಂದ ಆಕಾಶ ನೋಡಿದರು, ನನ್ನನ್ನು ನೋಡಿದರು, ಹೇಗೋ ರಜೆ ಸಿಕ್ಕಿತಲ್ಲ ಎಂದು ಎದ್ದರು.

ಮದುವೆಗೆ ಸಾಹೇಬರು ಬಂದಿದ್ದರು. ಧಾರೆಯ ಹೊತ್ತಿಗೆ ಎಲ್ಲರ ಹಾಗೆ ಅವರೂ ಮುಷ್ಟಿಯಲ್ಲಿ ಅಕ್ಷತೆ ಹಿಡಿದು, ಮೊಣಕೈ ಮೈಗೆ ಅಂಟಿಸಿ, ಗುರಿ ನೋಡಿದರು. ಧಾರೆ ಎರೆಯುತ್ತಿದ್ದ ಮಾವನವರು ಗಿಂಡಿಯನ್ನು ಅತ್ತೆಯ ಕೈಗೆ ಕೊಟ್ಟು, ಮಂಟಪದಲ್ಲೇ ತೇಪೆ ಹಾಕಿದ ಛತ್ರಿ ಬಿಡಿಸಿದರು.