ಆಟಿಯವರೆಗೆ ತಡೆದ ಬೈಕು

ಹೇಳಿದ ಬೆಲೆಯನ್ನೇ ಕೊಟ್ಟು ಸಾಮಾನು ಕೊಳ್ಳುವವರನ್ನು ಕಂಡರೆ ನನಗೆ ಜ್ವರ ಬಂದ ಹಾಗಾಗುತ್ತದೆ. ಹಳೆ ಗೋಣಿಚೀಲ ಮಾರುತ್ತಿದ್ದ ನಾನು ವಾಮದಪದವಿನಲ್ಲಿ ಸ್ವಂತ ಹಾರ್ಡ್‌ವೇರ್ ಅಂಗಡಿ ಹಾಕುವಷ್ಟಾದದ್ದು ಚೌಕಾಸಿಯ ಬಲದಿಂದ. ನನ್ನ ಮದುವೆಯ ವಾಲಗದವರ ಹತ್ತಿರವೂ ಎಳೆದಾಡಿದ್ದಕ್ಕೆ ಡೋಲಿನವನು ಬರಲೇ ಇಲ್ಲ. ಬರೀ ನಾಗಸ್ವರದಲ್ಲಿ ತಾಳಿ ಕಟ್ಟಿದೆ. ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಂದಿರದ ಕಾಲ. ನನ್ನ ಶಾಲೆಯ ಗೆಳೆಯ ಇಸ್ಮಾಯಿಲ್ ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು, ಸವೆದ ಮೊಣಕಾಲು ಹೊತ್ತುಕೊಂಡು ಊರಿಗೆ ಬಂದ. ಅಂಗಡಿಗೆ ಬಂದವನೇ ಮಡಚಿದ್ದ ಒಂದು ಚಿತ್ರವನ್ನು ಮೇಜಿನ ಮೇಲೆ ಹರಡಿದ. ಮರಳುಗುಡ್ಡೆಯ ಮೇಲೆ ಕುದುರೆಯಂತೆ ನಿಂತ ಬೈಕು.

“ಡಾಮರಿನಲ್ಲೂ ಓಡಬೇಕು, ಕಲ್ಲುಗುಡ್ಡೆಯನ್ನೂ ಹತ್ತಬೇಕು. ಇಂಥದ್ದು ಬೇಕು ಮಾರಾಯ.”

“ಇದು ನಮ್ಮಲ್ಲಿ ಸಿಗುವುದಿಲ್ಲ. ನಿನಗೆ ಗುಡ್ಡೆಯಲ್ಲಿ ಎಂತ ಕೆಲಸ?”

“ಕಮಲಕ್ಕನ ಮನೆಗೆ ಹೋಗ್ಲಿಕ್ಕುಂಟು.”

ಅವನ ಅಪ್ಪ ತಲೆಹೊರೆಯಲ್ಲಿ ಒಣಮೀನು ಹೊತ್ತು ಬೆಳ್ತಂಗಡಿಯ ಆಚೆ, ಘಟ್ಟದ ಬುಡದ ಮನೆಗಳಿಗೆ ಮಾರುತ್ತಿದ್ದರು. ಇಸ್ಮಾಯಿಲನೂ ಕೆಲವು ವರ್ಷ ಹೊತ್ತಿದ್ದ. ಕೊನೆಯ ಮನೆ ಕಮಲಕ್ಕನದು. ಅಪ್ಪ ಆ ಮನೆಯ ಜಗಲಿಯಲ್ಲೇ ಕುಸಿದು ತೀರಿಕೊಂಡಾಗ ಬಾಯಿಗೆ ನೀರು ಬಿಟ್ಟದ್ದು ಅವರು. ಅವರಿಗೆ ಒಂದು ಮಾತೂ ಹೇಳದೆ ಇವನು ಗಲ್ಫಿಗೆ ಹೋಗಿದ್ದ. ಈಗ ಅವರಿಗೆ ಎಂಬತ್ತು ದಾಟಿದೆ. ಆ ದಾರಿಗೆ ಜೀಪು ಹೋಗದು, ಇವನ ಕಾಲು ಹತ್ತದು.

ಬೈಕು ಆರಿಸುವ ಕೆಲಸ ನಾನೇ ವಹಿಸಿಕೊಂಡೆ. ನೀವೂ ಕೇಳಿಟ್ಟುಕೊಳ್ಳಿ: ಬಣ್ಣ ನೋಡಿ ಬೈಕು ತೆಗೆಯಬಾರದು, ಕುಕ್ಕರಗಾಲಲ್ಲಿ ಕೂತು ಅದರ ಹೊಟ್ಟೆಯಡಿ ನೋಡಬೇಕು. ಎಂಜಿನ್ನಿಗೂ ನೆಲಕ್ಕೂ ನಡುವೆ ಹತ್ತಿರ ಹತ್ತಿರ ಒಂದು ಗೇಣು ಜಾಗ ಇರಬೇಕು. ಸೈಲೆನ್ಸರ್ ತಗ್ಗಿದ್ದರೆ ತೋಡು ದಾಟುವಾಗ ನೀರು ಕುಡಿಯುತ್ತದೆ. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಶೋರೂಮುಗಳ ನೆಲದಲ್ಲಿ ಕುಕ್ಕರಿಸಿ, ಆರಡಿಯ ಇಸ್ಮಾಯಿಲನಿಗೆ ತಕ್ಕ ಎತ್ತರದ ಸೀಟಿನದ್ದೊಂದನ್ನು ಆರಿಸಿದೆ. ಮುಳ್ಳುಮುಳ್ಳಿನ ಟಯರು ಹಾಕಿ, ಸೈಲೆನ್ಸರನ್ನು ಮೇಲೆ ಬಗ್ಗಿಸಿಕೊಡಲು ಮೆಕ್ಯಾನಿಕನೂ ಒಪ್ಪಿದ. ಆಗ ಎಪ್ರಿಲ್. ಇಸ್ಮಾಯಿಲ್ ಹಣ ತೆಗೆದ. ನಾನು ಅವನ ಕೈ ಹಿಡಿದೆ.

“ಆಟಿ ಬರಲಿ, ಜುಲೈಯಲ್ಲಿ. ಆಟಿ ತಿಂಗಳಲ್ಲಿ ನಮ್ಮವರು ಹೊಸ ಚಮಚವನ್ನೂ ಮನೆಗೆ ತರುವುದಿಲ್ಲ. ಶೋರೂಮಿನವ ನೊಣ ಹೊಡೀತಾ ಕೂತಿರ್ತಾನೆ. ಕೇಳಿದಷ್ಟು ಇಳಿಸ್ತಾನೆ.”

“ಆಟಿ ನಿಮಗೆ ಮಾರಾಯ, ನನಗೆ ಎಂತದ್ದು? ಈಗ ತೆಗೆದರೆ ಮಳೆಗೆ ಮುಂಚೆ ಹೋಗಿ ಬರಬಹುದು.”

“ಕಮಲಕ್ಕ ಎಲ್ಲಿಗೆ ಓಡಿಹೋಗ್ತಾರೆ? ಮೂರು ತಿಂಗಳು.”

ಕಮಲಕ್ಕ ಎಲ್ಲಿಗೂ ಹೋಗಲಿಲ್ಲ. ಆಟಿಯ ಮೊದಲ ವಾರ ಇಸ್ಮಾಯಿಲನಿಗೆ ಪಕ್ಷವಾತ ಬಡಿಯಿತು. ಎಡಗೈ, ಎಡಗಾಲು ಎರಡೂ ಹೋದವು. ಕ್ಲಚ್ಚು ಹಿಡಿಯುವುದು ಎಡಗೈಯಲ್ಲೇ ಎಂದು ನಿಮಗೆ ಹೇಳಬೇಕಾಗಿಲ್ಲ.

ಆಸ್ಪತ್ರೆಯಲ್ಲಿ ಅವನು, “ಬೈಕು ತೆಗಿ. ನೀನು ಬಿಡು, ನಾನು ಹಿಂದೆ ಕೂರ್ತೇನೆ,” ಎಂದ. ತೆಗೆದೆ. ನಾನಂದುಕೊಂಡದ್ದಕ್ಕಿಂತಲೂ ಹೆಚ್ಚು ಇಳಿಸಿದರು, ಜೊತೆಗೊಂದು ಹೆಲ್ಮೆಟ್ಟನ್ನೂ ಕೊಟ್ಟರು. ಮನೆಗೆ ಬರುವ ದಾರಿಯಲ್ಲಿ ಅದನ್ನು ಕಳಚಿ ಕಣ್ಣೊರೆಸಿಕೊಳ್ಳಬೇಕಾಯಿತು.

ಡಿಸೆಂಬರಿನಲ್ಲಿ ಅವನನ್ನು ಶಾಲಿನಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡು ಹೊರಟೆ. ಡಾಮರು ಮುಗಿಯುವಲ್ಲಿ ಒಂದು ಗೂಡಂಗಡಿ. ಅಲ್ಲಿಂದ ಮೇಲೆ ಮುರಕಲ್ಲಿನ ಏರು. ನಾನು ಐದಡಿಯವನು, ಬೈಕು ಆರಡಿಯವನಿಗಾಗಿ ಆರಿಸಿದ್ದು. ಎರಡನೆಯ ಕಲ್ಲಿನಲ್ಲಿ ಕಾಲೂರಲು ಹೋದರೆ ನೆಲ ಸಿಗಲಿಲ್ಲ. ಮೂವರೂ ಬಿದ್ದೆವು, ಬೈಕೂ ಸೇರಿ. ಗೂಡಂಗಡಿಯವನು ಓಡಿಬಂದು ಎತ್ತಿದ. ಕಮಲಕ್ಕ ಇದ್ದಾರೆ, ಜಗಲಿಯಿಂದ ಇಳಿಯುವುದಿಲ್ಲ ಎಂದ.

ಇಸ್ಮಾಯಿಲ್ ಕೆನ್ನೆಯ ಮಣ್ಣು ಒರೆಸಲಿಲ್ಲ. ಗುಡ್ಡೆಯನ್ನೇ ನೋಡುತ್ತಾ, “ಇದರ ಹತ್ತಿರವೂ ಕೇಳಿ ನೋಡು ಮಾರಾಯ. ಸ್ವಲ್ಪ ತಗ್ಗಿಸ್ತದಾ ಅಂತ,” ಎಂದ. ತಂದಿದ್ದ ಒಣಮೀನಿನ ಪೊಟ್ಟಣವನ್ನು ಗೂಡಂಗಡಿಯವನ ಕೈಗಿತ್ತ. “ಮೀನಿನ ಬ್ಯಾರಿಯ ಮಗ ಕೊಟ್ಟ ಅಂತ ಹೇಳಿ. ಮೇಲೆ ಬರ್ಲಿಕ್ಕೆ ಆಗಲಿಲ್ಲ ಅಂತ್ಲೂ.”

ಈಗಲೂ ಬೈಕು ಕೊಳ್ಳುವವರು ಸಲಹೆಗೆ ನನ್ನ ಅಂಗಡಿಗೇ ಬರುತ್ತಾರೆ. ಎಂಜಿನ್, ಟಯರು, ಸೀಟಿನ ಎತ್ತರ ಎಲ್ಲ ಹೇಳುತ್ತೇನೆ. ಯಾವಾಗ ತೆಗೆದರೆ ಲಾಭ ಎಂದು ಕೇಳಿದರೆ ಮಾತ್ರ ನನಗೆ ಮೊಳೆಗಳ ಡಬ್ಬಿಯಲ್ಲಿ ಏನೋ ಹುಡುಕಲಿಕ್ಕಿರುತ್ತದೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ ಇಸ್ಮಾಯಿಲ್ ಬಲಗೈ ಎತ್ತಿ ರಸ್ತೆಯತ್ತ ತೋರಿಸುತ್ತಾನೆ.

“ಶೋರೂಮಿಗೆ ಹೋಗ್ಲಿಕ್ಕೆ ಬಂಟ್ವಾಳದ ಬಸ್ಸು ನಿಂತಿದೆ ನೋಡಿ. ಇವನ ಮಾತು ಮುಗಿಯುವುದರೊಳಗೆ ಹತ್ತಿಬಿಡಿ.”